ತಾಳೆ ನೋಡುವ ವಿದ್ಯೆ: ಅಲನ್ ಟ್ಯೂರಿಂಗ್

ಲೆಕ್ಕ ಮಾಡುವುದು ಒಂದು ವಿದ್ಯೆ. ಮಾಡಿದ ಲೆಕ್ಕವನ್ನು ತಾಳೆ ನೋಡುವುದು ಅದಕ್ಕಿಂತ ಕಠಿನವಾದ ಮತ್ತೊಂದು ವಿದ್ಯೆ. ಗಣಕಯಂತ್ರಗಳ ಅರುಣೋದಯದಲ್ಲಿಯೇ ಈ ಎರಡನೆಯ ವಿದ್ಯೆಯ ಅಗತ್ಯವನ್ನು ಮನಗಂಡವರಲ್ಲಿ ಅಲನ್ ಟ್ಯೂರಿಂಗನು ಅಗ್ರಗಣ್ಯನು.

ಆತನು 1912ರ ಜೂನ್ 23ರಂದು ಲಂಡನ್ನಿನಲ್ಲಿ ಜನಿಸಿದನು. ತಂದೆಯು ಮದರಾಸು ಪ್ರಾಂತ್ಯದಲ್ಲಿ ಅಧಿಕಾರಿಯಾಗಿದ್ದುದರಿಂದ ಬಾಲಕನ ಎಳೆತನವು ಬಹುಮಟ್ಟಿಗೆ ಇಂಗ್ಲೆಂಡಿನಲ್ಲಿ ಪರರ ಮನೆಯಲ್ಲಿ ಕಳೆಯಿತು. ಕೇಂಬ್ರಿಜ್ಜಿನಲ್ಲಿ ಓದಿದ ಆತನು 1936ರಲ್ಲಿ, ನಿಯಮಬದ್ಧವಾದ ಯಾವ ಲೆಕ್ಕವನ್ನಾದರೂ ಆದೇಶಗಳಿಗನುಸಾರವಾಗಿ ನಡೆಸಬಲ್ಲ ಯಂತ್ರವೊಂದನ್ನು ಕಾಗದದ ಮೇಲೆಯೇ ಕಲ್ಪಿಸಿದನು. ಎರಡನೆಯ ಮಹಾಯುದ್ಧದಲ್ಲಿ ಬ್ಲೆಚ್ಲಿ ಪಾರ್ಕಿನಲ್ಲಿ ಜರ್ಮನರ ಗೂಢಲಿಪಿಯನ್ನು ಭೇದಿಸಲು ದುಡಿದನು. ಆ ದಿನಗಳಲ್ಲಿ ಆತನ ಸೈಕಲ್ಲಿನ ಸರಪಳಿಯು ಪದೇ ಪದೇ ಕಳಚುತ್ತಿತ್ತಂತೆ. ಆತನು ಸುತ್ತುಗಳನ್ನು ಎಣಿಸಿ, ಎಷ್ಟನೆಯ ಸುತ್ತಿಗೆ ಅದು ಕಳಚುವುದೆಂದು ಕಂಡುಕೊಂಡು, ಆ ಸುತ್ತು ಬರುವ ಮುನ್ನವೇ ಎಚ್ಚರಗೊಳ್ಳುತ್ತಿದ್ದನು.

ಯಂತ್ರಕ್ಕೆ ಕೊಡುವ ಆದೇಶಗಳ ವಿಷಯದಲ್ಲಿಯೂ ಆತನದು ಇದೇ ಮುನ್ನೆಚ್ಚರಿಕೆ. 1949ರ ಜೂನ್ 24ರಂದು, ಮೂವತ್ತೇಳು ತುಂಬಿದ ಮರುದಿನ, ಕೇಂಬ್ರಿಜ್ಜಿನ ಸಮ್ಮೇಳನವೊಂದರಲ್ಲಿ ಆತನು ಒಂದು ಪ್ರಶ್ನೆಯನ್ನು ಎತ್ತಿಕೊಂಡನು: ಆದೇಶಗಳ ಉದ್ದನೆಯ ಸರಣಿಯೊಂದು ಸರಿಯಾಗಿದೆಯೆಂದು ನಂಬುವುದು ಹೇಗೆ? ಇದಕ್ಕೆ ಆತನು ಕೊಟ್ಟ ದೃಷ್ಟಾಂತವು ಶಾಲೆಯ ಬಾಲಕನಿಗೂ ತಿಳಿಯುವಂಥದು. ಕೂಡುವ ಲೆಕ್ಕದಲ್ಲಿ ಉತ್ತರವನ್ನಷ್ಟೇ ಬರೆದರೆ ಪರೀಕ್ಷಕನು ಇಡೀ ಲೆಕ್ಕವನ್ನು ಒಟ್ಟಾಗಿ ಮತ್ತೆ ಮಾಡಬೇಕು; ದಶಕಗಳನ್ನೂ ಬರೆದಿಟ್ಟರೆ ಬಿಡಿ, ಹತ್ತು, ನೂರರ ಸ್ಥಾನಗಳನ್ನು ಬೇರೆ ಬೇರೆಯಾಗಿಯೇ ಪರೀಕ್ಷಿಸಬಹುದು. ಹಾಗೆಯೇ ಆದೇಶಗಳನ್ನು ಬರೆದವನು ಇಂಥ ಹಂತದಲ್ಲಿ ಇಂಥ ಬೆಲೆಯೇ ಇರತಕ್ಕದ್ದೆಂದು ಅಲ್ಲಲ್ಲಿ ಸ್ಪಷ್ಟವಾಗಿ ನಿರೂಪಿಸಬೇಕು. ಒಂದೊಂದು ನಿರೂಪಣೆಯೂ ನಿಜವಾದರೆ ಇಡೀ ಸರಣಿಯು ನಿಜವಾಗುವುದು. ಜೊತೆಗೆ, ಯಂತ್ರವು ಕೊನೆಗೊಮ್ಮೆ ನಿಲ್ಲುವುದೆಂದೂ ತೋರಿಸಬೇಕು.

ವಿಧಿಯ ವಿಲಾಸವನ್ನು ನೋಡಿರಿ! ತಪ್ಪು ಹುಡುಕುವ ಬಗೆಯನ್ನು ಬೋಧಿಸಿದ ಆ ಲೇಖನವೇ ನಕಲಿನ ತಪ್ಪುಗಳಿಂದ ತುಂಬಿ ಹೊರಬಂದಿತು. ಬಹುಕಾಲ ಮೂಲೆಯಲ್ಲಿ ಬಿದ್ದಿತ್ತು. ಲೇಖಕನ ಬಾಳೂ ನೊಂದಿತು. ಪುರುಷನೊಡನೆ ಇದ್ದ ಪ್ರಣಯಕ್ಕಾಗಿ ನ್ಯಾಯಾಲಯವು 1952ರಲ್ಲಿ ಆತನನ್ನು ದೋಷಿಯೆಂದಿತು. 1954ರ ಜೂನ್ 7ರಂದು, 41ನೆಯ ವಯಸ್ಸಿನಲ್ಲಿ, ಆತನು ತೀರಿಕೊಂಡನು. 1967ರಲ್ಲಿ ಅಮೆರಿಕದ ರಾಬರ್ಟ್ ಫ್ಲಾಯ್ಡನು ಇಂಥದೇ ಮಾರ್ಗವನ್ನು ವಿಸ್ತಾರವಾಗಿ ಪ್ರತಿಪಾದಿಸಿದನು. ಟ್ಯೂರಿಂಗನ ಲೇಖನವು ತಿದ್ದುಪಡಿಗೊಂಡು ಮರಳಿ ಅಚ್ಚಾದುದು 1984ರಲ್ಲಿ. ರಾಜ್ಯವು ಆತನಿಗೆ ಕ್ಷಮಾದಾನವಿತ್ತುದು 2013ರಲ್ಲಿ.

ಇಂದು ತಂತ್ರಾಂಶದ ಒಂದು ಸಣ್ಣ ಬದಲಾವಣೆಯನ್ನು ಜನರ ಕೈಗೆ ಕೊಡುವ ಮುನ್ನವೂ ಅಂಥ ನಿರೂಪಣೆಗಳನ್ನು ಬರೆದು ಪರೀಕ್ಷಿಸುವವರು ಅಸಂಖ್ಯರು. ತಾಳೆ ನೋಡದ ಬರಹಕ್ಕೂ, ತಾಳೆ ನೋಡದ ತೀರ್ಪಿಗೂ ತೆರಬೇಕಾದ ಬೆಲೆಯನ್ನು ಅವರ ಆ ಪೂರ್ವಿಕನ ಬಾಳೇ ಸಾರಿದೆ.