ನಿಜಾಮರ ಸೀಮೆಯಲ್ಲಿ ಹಕ್ಕಿಗಳ ಲೆಕ್ಕ ಬರೆದ ಸಲೀಂ ಅಲಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ಪ್ರದೇಶಗಳು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲವದು. ಆ ವಿಶಾಲ ಸೀಮೆಯ ಹಕ್ಕಿಗಳ ಬಗ್ಗೆ ಕ್ರಮಬದ್ಧ ದಾಖಲೆ ಇರಲಿಲ್ಲ. 1931ರಲ್ಲಿ ಈ ಕೊರತೆ ನೀಗಿಸಲು ಹೊರಟವರು, ಕೈಯಲ್ಲಿ ನೌಕರಿಯೇ ಇಲ್ಲದ ಸಲೀಂ ಅಲಿ.

1896ರ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದ ಸಲೀಂ ಅಲಿ ಎಳವೆಯಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದರು. ಬಾಲಕನಾಗಿದ್ದಾಗ ಹೊಡೆದುರುಳಿಸಿದ ಗುಬ್ಬಿಯೊಂದರ ಕೊರಳಲ್ಲಿ ಹಳದಿ ಬಣ್ಣ ಕಂಡು ಕುತೂಹಲಗೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೆಟ್ಟಿಲೇರಿದರು. ಅಲ್ಲಿಂದ ಅವರ ಬದುಕಿನ ದಾರಿ ನಿಶ್ಚಯವಾಯಿತು.

ಬರ್ಲಿನ್‌ನಲ್ಲಿ ಪಕ್ಷಿಶಾಸ್ತ್ರ ಕಲಿತು 1930ರಲ್ಲಿ ಮರಳಿದಾಗ, ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿದ್ದ ಅವರ ಹುದ್ದೆಯೇ ಹಣದ ಅಭಾವದಿಂದ ರದ್ದಾಗಿತ್ತು. ಪತ್ನಿ ತೆಹಮೀನಾರೊಂದಿಗೆ ಅಲಿಬಾಗ್ ಬಳಿಯ ಕಿಹಿಂ ಎಂಬ ಕಡಲತಡಿಯ ಹಳ್ಳಿ ಸೇರಿದರು. ಗಂಡು ಗೀಜಗವು ಒಂದು ಗೂಡನ್ನು ಹೆಣ್ಣಿಗೆ ಒಪ್ಪಿಸಿದ ಬಳಿಕ ಮತ್ತೊಂದು ಗೂಡು ನೇಯಲು ತೊಡಗುವುದನ್ನು ಅಲ್ಲಿಯೇ ಕಂಡುಕೊಂಡರು.

ಬಳಿಕ ಸಂಬಳ ಬೇಡ, ಶಿಬಿರದ ವೆಚ್ಚ ಕೊಟ್ಟರೆ ಸಾಕೆಂದು ಸಂಸ್ಥಾನಗಳ ಮುಂದೆ ಸಮೀಕ್ಷೆಯ ಪ್ರಸ್ತಾಪವಿಟ್ಟರು. ಹೈದರಾಬಾದ್ ಒಪ್ಪಿತು. ನಗರದ ಸೌಕರ್ಯ ತೊರೆದ ತೆಹಮೀನಾ ಶಿಬಿರದ ಹೊಣೆ ಹೊತ್ತರು. ಸಮೀಕ್ಷೆಯ ಫಲ 1933-34ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. 1939ರಲ್ಲಿ ತೆಹಮೀನಾ ಅಗಲಿದರು. ಆ ದುಃಖದ ನಡುವೆಯೂ ಅದೇ ವರ್ಷ ಮೈಸೂರು ಸಂಸ್ಥಾನದ ಸಮೀಕ್ಷೆ ಕೈಗೊಂಡರು. ಅವರ ಸಲಹೆಯ ಫಲವಾಗಿ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ಅವರ ಮುಂದಿನ ದೊಡ್ಡ ಕಾರ್ಯಕ್ಕೂ ಕರ್ನಾಟಕದ ನಂಟಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಾಗ, ಸೈಬೀರಿಯದ ವಲಸೆ ಹಕ್ಕಿಗಳು ಅದನ್ನು ತಂದವೇ ಎಂಬ ಶಂಕೆ ಎದ್ದಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಹಕ್ಕಿಗಳ ಕಾಲಿಗೆ ಸಂಖ್ಯೆಯುಳ್ಳ ಉಂಗುರ ತೊಡಿಸುವ ಯೋಜನೆಗೆ ಸಲೀಂ ಅಲಿ ಮುಂದಾದರು. ತಮಿಳುನಾಡಿನ ಕೋಡಿಕ್ಕರೈ ಕರಾವಳಿ ಈ ಕೆಲಸದ ಪ್ರಮುಖ ನೆಲೆಯಾಯಿತು. ಉಪ್ಪುನೀರಿನ ಕೆಸರಿನಲ್ಲಿ ಮೇಯುವ ವಲಸೆ ಹಕ್ಕಿಗಳ ಆ ತೀರ 1967ರಲ್ಲಿ ರಕ್ಷಿತ ಧಾಮವೆಂದು ಘೋಷಿತವಾಯಿತು.

1976ರಲ್ಲಿ ಪದ್ಮವಿಭೂಷಣ ಪಡೆದ ಅವರು 1987ರ ಜೂನ್ 20ರಂದು ನಿಧನರಾದರು. ತುಂಗಭದ್ರಾ ಎಡದಂಡೆ ಕಾಲುವೆ ಬಂದು ಸಿಂಧನೂರಿನ ಜೋಳದ ಹೊಲಗಳು ಭತ್ತದ ಗದ್ದೆಗಳಾಗಿವೆ. ಈ ಸೀಮೆಯ ಹಕ್ಕಿಗಳಲ್ಲಿ ಉಳಿದವೆಷ್ಟು, ಅಳಿದವೆಷ್ಟು ಎಂದು ಅರಿಯಹೊರಡುವವರಿಗೆ ಅವರ ಅಂದಿನ ದಾಖಲೆಯೇ ಮೊದಲ ಅಳತೆಗೋಲು.