ಲೆಕ್ಕ ಕೇಳಿದ ಮಹಿಳೆ: ಆಲ್ವಾ ಮಿರ್ಡಾಲ್

2.718 ಅಂದ ತಕ್ಷಣ ನಮ್ಮಂಥವರಿಗೆ ನೆನಪಾಗೋದು ಮ್ಯಾಥ್ಸ್‌ನ ‘ಇ’. 2025ರ ಏಪ್ರಿಲ್‌ನಲ್ಲಿ ಅದೇ ಸಂಖ್ಯೆ ಪೇಪರಲ್ಲಿ ಬಂತು. 2024ರಲ್ಲಿ ಜಗತ್ತಿನ ದೇಶಗಳೆಲ್ಲ ಸೇರಿ ಸೈನ್ಯಕ್ಕೆ ಖರ್ಚು ಮಾಡಿದ್ದು 2,718 ಬಿಲಿಯನ್ ಡಾಲರ್ ಅಂತೆ. ಅಂದ್ರೆ 2.7 ಲಕ್ಷ ಕೋಟಿ ಡಾಲರ್, ರೂಪಾಯಿ ಅಲ್ಲ. ನಾನು ಅದನ್ನ ಹಾಸ್ಟೆಲ್ ಗ್ರೂಪಲ್ಲಿ ಜೋಕ್ ಅಂತ ಹಾಕಿದೆ. ಎಲ್ಲರೂ ನಕ್ಕರು. ಆಮೇಲೆ ಒಬ್ಬಳು ಕೇಳಿದಳು, ಸೈನ್ಯದ ಖರ್ಚು ಅಂದ್ರೆ ಗುಟ್ಟಾಗಿ ಇಡೋ ವಿಷಯ ಅಲ್ವಾ, ಇದನ್ನೆಲ್ಲ ಕೂತು ಕೂಡಿಸೋರು ಯಾರು ಅಂತ.

ಉತ್ತರ ಹುಡುಕಿದಾಗ ಸಿಕ್ಕಿದ್ದು ಸ್ಟಾಕ್‌ಹೋಮ್‌ನ ಸಿಪ್ರಿ ಅನ್ನೋ ಸಂಶೋಧನಾ ಸಂಸ್ಥೆ. ಅದರ ಹಿಂದೆ ಸಿಕ್ಕ ಹೆಸರು ಆಲ್ವಾ ಮಿರ್ಡಾಲ್. ಆಲ್ವಾ ಅಂದ ಕೂಡಲೇ ನಿಮಗೆ ಮೂಡುಬಿದಿರೆ ನೆನಪಾದ್ರೆ ತಪ್ಪಿಲ್ಲ, ನಂಗೂ ಹಾಗೇ ಆಯ್ತು. ಆದರೆ ಇವರು ಸ್ವೀಡನ್ ದೇಶದವರು.

ಆಲ್ವಾ ಹುಟ್ಟಿದ್ದು 1902ರ ಜನವರಿ 31ರಂದು, ಉಪ್ಸಾಲಾ ಎಂಬ ಊರಲ್ಲಿ. ತಂದೆ ಆಲ್ಬರ್ಟ್ ರೈಮರ್ ಕಟ್ಟಡ ಕಟ್ಟುವ ಕೆಲಸದವರು, ಸಮಾಜವಾದಿ. ಅವರ ಕುಟುಂಬ ಇದ್ದ ಎಸ್ಕಿಲ್ಸ್ತೂನಾದಲ್ಲಿ ನಮ್ಮ ಪಿಯುಸಿ ಮಟ್ಟದ ಸರ್ಕಾರಿ ಶಾಲೆಗೆ ಹುಡುಗರಿಗೆ ಮಾತ್ರ ಪ್ರವೇಶ. ಹಾಗಾಗಿ ಆಲ್ವಾ ತೆರಿಗೆ ಆಫೀಸಿನಲ್ಲಿ ಗುಮಾಸ್ತೆಯಾಗಿ ಸೇರಿದರು. ಮಗಳ ಹಟ ನೋಡಿ ತಂದೆ ಓಡಾಡಿದರು, ಕೊನೆಗೆ ಹುಡುಗಿಯರಿಗಾಗಿ ಪ್ರತ್ಯೇಕ ತರಗತಿ ಶುರುವಾಯಿತು. 1924ಕ್ಕೆ ಸ್ಟಾಕ್‌ಹೋಮ್‌ನಲ್ಲಿ ಡಿಗ್ರಿ ಮುಗೀತು. 1924ರಲ್ಲಿ ಗುನ್ನಾರ್ ಮಿರ್ಡಾಲ್ ಜೊತೆ ಮದುವೆ. ಗುನ್ನಾರ್ ಮುಂದೆ ದೊಡ್ಡ ಅರ್ಥಶಾಸ್ತ್ರಜ್ಞರಾದರು.

ಆಲ್ವಾ ಮೊದಲು ಕೈ ಹಾಕಿದ್ದು ಬಾಂಬಿನ ವಿಷಯಕ್ಕಲ್ಲ, ಮನೆ ಮತ್ತು ಮಕ್ಕಳ ವಿಷಯಕ್ಕೆ. ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ವಾಸ್ತುಶಿಲ್ಪಿ ಸ್ವೆನ್ ಮಾರ್ಕೆಲಿಯಸ್ ಜೊತೆ ಸೇರಿ ಸ್ಟಾಕ್‌ಹೋಮ್‌ನಲ್ಲಿ ಒಂದು ಅಪಾರ್ಟ್‌ಮೆಂಟ್ ಯೋಜಿಸಿದರು. 1935ರಲ್ಲಿ ಅದು ತಯಾರಾಯಿತು. ಕೆಳಗೆ ಎಲ್ಲರಿಗೂ ಒಂದೇ ಅಡುಗೆಮನೆ, ಶಿಶುವಿಹಾರ. ಊಟ ಸಣ್ಣ ಲಿಫ್ಟಿನಲ್ಲಿ ಮೇಲಿನ ಮನೆಗಳಿಗೆ ಹೋಗುತ್ತಿತ್ತು. ಸಮಸ್ಯೆ ಇದ್ರೆ ಭಾಷಣ ಸಾಲದು, ಡಿಸೈನ್ ಬೇಕು ಅನ್ನೋದು ಅವರ ಸ್ವಭಾವ.

ಒಂದು ವಿಷಯ ಮುಚ್ಚಿಡಬಾರದು. 1934ರಲ್ಲಿ ಗಂಡ ಹೆಂಡತಿ ಸೇರಿ ಸ್ವೀಡನ್ನಿನ ಜನಸಂಖ್ಯೆಯ ಬಗ್ಗೆ ಬರೆದ ಪುಸ್ತಕದಲ್ಲಿ ಕೆಲವು ವರ್ಗದ ಜನರಿಗೆ ಸಂತಾನಹರಣ ಚಿಕಿತ್ಸೆ ಮಾಡಿಸುವುದನ್ನ ಬೆಂಬಲಿಸಿದ್ದರು. ಸ್ವೀಡನ್ನಿನಲ್ಲಿ ಆ ಕಾನೂನಿನಿಂದ ಎಷ್ಟೋ ಜನ ನೊಂದರು. ಡಿಸೈನ್ ಮಾಡೋರಿಗೆ ಮನುಷ್ಯರೂ ಬರೀ ಸಂಖ್ಯೆ ಥರ ಕಾಣೋಕೆ ಶುರುವಾದ್ರೆ ಏನಾಗುತ್ತೆ ಅನ್ನೋದಕ್ಕೂ ಇವರದೇ ಜೀವನ ಉದಾಹರಣೆ.

1949ರಲ್ಲಿ ವಿಶ್ವಸಂಸ್ಥೆಯ ಸಾಮಾಜಿಕ ವ್ಯವಹಾರಗಳ ವಿಭಾಗದ ಮುಖ್ಯಸ್ಥೆ, 1951ರಲ್ಲಿ ಯುನೆಸ್ಕೋದಲ್ಲಿ ಸಮಾಜ ವಿಜ್ಞಾನ ವಿಭಾಗದ ನಿರ್ದೇಶಕಿ. 1955ರಿಂದ 1961ರವರೆಗೆ ಭಾರತದಲ್ಲಿ ಸ್ವೀಡನ್ನಿನ ರಾಯಭಾರಿ. ನೆಹರು ಅವರಿಗೆ ಚೆನ್ನಾಗಿ ಪರಿಚಯ. ಊರಿಗೆ ವಾಪಸ್ ಹೋಗುವಾಗ ವಯಸ್ಸು 59. ನಮ್ಮ ಕಡೆ ಆ ವಯಸ್ಸಿಗೆ ಪೆನ್ಷನ್ ಪೇಪರ್ ರೆಡಿ ಮಾಡ್ತಾರೆ. ಆಲ್ವಾಗೆ ಆಗ ವಿದೇಶಾಂಗ ಸಚಿವರು ಕೊಟ್ಟ ಕೆಲಸ ನಿಶ್ಶಸ್ತ್ರೀಕರಣ, ಅಂದ್ರೆ ಶಸ್ತ್ರಾಸ್ತ್ರ ಕಡಿಮೆ ಮಾಡಿಸೋದು. ಅವರಿಗದು ಪೂರ್ತಿ ಹೊಸ ಸಬ್ಜೆಕ್ಟ್. ಕೂತು ಓದಿದರು.

ಆಗಿನ ಪರಿಸ್ಥಿತಿ ಹೇಗಿತ್ತು ಗೊತ್ತಾ? ಅಮೆರಿಕ, ಸೋವಿಯತ್ ಒಕ್ಕೂಟ ಎರಡೂ ಬಯಲಲ್ಲೇ ಅಣುಬಾಂಬ್ ಪರೀಕ್ಷೆ ಮಾಡ್ತಿದ್ದವು. ಅದರ ಸ್ಟ್ರಾಂಷಿಯಂ-90 ಹುಲ್ಲಿನ ಮೇಲೆ ಬಿದ್ದು, ಹಸುವಿನ ಹಾಲಿಗೆ ಬಂದು, ಮಕ್ಕಳ ಹಲ್ಲು ಮೂಳೆ ಸೇರುತ್ತಿತ್ತು. 1961ರ ನವೆಂಬರ್ 1ರಂದು ಅಮೆರಿಕದ ಹಲವಾರು ಊರುಗಳಲ್ಲಿ ಸಾವಿರಾರು ಹೆಂಗಸರು ಮನೆಗೆಲಸ ಬಿಟ್ಟು ಬೀದಿಗಿಳಿದರು. ಅವರ ಸಂಘಟನೆಯ ಹೆಸರು ವಿಮೆನ್ ಸ್ಟ್ರೈಕ್ ಫಾರ್ ಪೀಸ್. ಸ್ವೀಡನ್ನಿನಲ್ಲೂ ಸೈನ್ಯದವರು ನಮಗೂ ಒಂದು ಬಾಂಬ್ ಇರಲಿ ಅಂತ ಕೇಳ್ತಿದ್ದರು. ಆಡಳಿತ ಪಕ್ಷದ ಮಹಿಳಾ ಘಟಕ 1950ರ ದಶಕದಲ್ಲೇ ಅದಕ್ಕೆ ಅಡ್ಡ ನಿಂತಿತ್ತು. ಕೊನೆಗೆ ಸ್ವೀಡನ್ ಬಾಂಬ್ ಮಾಡಲಿಲ್ಲ.

1962ರಲ್ಲಿ ಜಿನೀವಾದಲ್ಲಿ 18 ದೇಶಗಳ ನಿಶ್ಶಸ್ತ್ರೀಕರಣ ಸಮಿತಿ ಸೇರಿತು. ಸ್ವೀಡನ್ ತಂಡದ ನಾಯಕಿ ಆಲ್ವಾ. ಅಮೆರಿಕದ ಆ ಹೆಂಗಸರ ಒಂದು ತಂಡ ಕೂಡ ಜಿನೀವಾಕ್ಕೆ ಬಂತು. ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಂಡತಿ ಕೊರೆಟ್ಟಾ ಅವರೂ ಅದರಲ್ಲಿದ್ದರು. 1963ರಲ್ಲಿ ಗಾಳಿಯಲ್ಲಿ, ನೀರಿನಲ್ಲಿ, ಬಾಹ್ಯಾಕಾಶದಲ್ಲಿ ಅಣುಪರೀಕ್ಷೆ ನಿಷೇಧಿಸುವ ಒಪ್ಪಂದ ಆಯಿತು. ಆದರೆ ನೆಲದಡಿಯ ಪರೀಕ್ಷೆ ಉಳಿದುಹೋಯಿತು. ದೊಡ್ಡ ಕಾರಣ, ಕದ್ದು ಮಾಡಿದ್ರೆ ಕಂಡುಹಿಡಿಯೋದು ಹೇಗೆ, ಭೂಕಂಪಕ್ಕೂ ಬಾಂಬಿಗೂ ವ್ಯತ್ಯಾಸ ತಿಳಿಯೋದು ಹೇಗೆ ಅನ್ನೋದು. ಸ್ಥಳಕ್ಕೇ ಬಂದು ನೋಡ್ತೀವಿ ಅಂತ ಅಮೆರಿಕ, ಅಷ್ಟು ಸಲ ಬರೋದು ಬೇಡ ಅಂತ ಸೋವಿಯತ್.

ನಂಗೆ ಆಲ್ವಾ ಇಷ್ಟ ಆಗಿದ್ದು ಇಲ್ಲೇ. ಹೆಂಗಸರು ಶಾಂತಿ ಅಂದ್ರೆ ಅದು ಭಾವನೆ, ಗಂಡಸರು ಬಾಂಬ್ ಅಂದ್ರೆ ಅದು ತಂತ್ರಜ್ಞಾನ ಅನ್ನೋ ಕಾಲ ಅದು. ಆಲ್ವಾ ಆ ತಂತ್ರಜ್ಞಾನವನ್ನೇ ಹಿಡಿದುಕೊಂಡರು. ಭೂಕಂಪ ವಿಜ್ಞಾನಿಗಳನ್ನ ಜೊತೆಗೆ ಕೂರಿಸಿಕೊಂಡರು. ವಿಷಯ ನಮ್ಮ ಸಿಗ್ನಲ್ಸ್ ಕ್ಲಾಸಿನದ್ದೇ. ಬಾಂಬ್ ಸಿಡಿದಾಗ ನೆಲವನ್ನ ಎಲ್ಲ ದಿಕ್ಕಿಗೂ ಹೊರಗೆ ತಳ್ಳುತ್ತೆ. ಭೂಕಂಪದಲ್ಲಿ ಬಂಡೆ ಪಕ್ಕಕ್ಕೆ ಜಾರುತ್ತೆ. ಹಾಗಾಗಿ ಭೂಮಿಯೊಳಗಿಂದ ಬರೋ ಅಲೆ ಎರಡರಲ್ಲೂ ಅಷ್ಟೇ ಜೋರಿದ್ದರೂ, ಮೇಲ್ಮೈ ಅಲೆ ಬಾಂಬಿನಲ್ಲಿ ಸಣ್ಣದು. ಒಂದೇ ಮಾಪಕ ಇದ್ರೆ ನಾಯ್ಸ್‌ನಲ್ಲಿ ಮುಳುಗಿ ಹೋಗುತ್ತೆ. ಹತ್ತಾರು ಮಾಪಕ ಹರಡಿ, ಡಿಲೇ ಸರಿಮಾಡಿ ಕೂಡಿಸಿದ್ರೆ ಸಿಗ್ನಲ್ ಎದ್ದು ಕಾಣುತ್ತೆ. 1965ರಲ್ಲಿ ಸ್ವೀಡನ್ ಜಿನೀವಾದಲ್ಲಿ ಒಂದು ಸಲಹೆ ಇಟ್ಟಿತು: ಎಲ್ಲ ದೇಶಗಳೂ ತಮ್ಮ ಭೂಕಂಪನದ ಡೇಟಾ ಹಂಚಿಕೊಳ್ಳಲಿ. ಆಗ ಯಾರೂ ಯಾರ ಮನೆ ಬಾಗಿಲು ಅಷ್ಟಾಗಿ ತಟ್ಟಬೇಕಿಲ್ಲ. ಮುಂದೆ ಸ್ವೀಡನ್ ಹಾಗ್‌ಫೋರ್ಸ್ ಅನ್ನೋ ಜಾಗದಲ್ಲಿ ತನ್ನದೇ ಕೇಂದ್ರವನ್ನೂ ಕಟ್ಟಿತು.

ಅದೇ 1965ರಲ್ಲಿ ನಮ್ಮ ಗೌರಿಬಿದನೂರಿನಲ್ಲೂ ಇಂಥ ಮಾಪಕಗಳ ಸಾಲು ಬಂತು, ಬ್ರಿಟನ್ನಿನ ಸಹಾಯದಿಂದ. ಈಗಲೂ ಬಾರ್ಕ್ ಅದನ್ನ ನಡೆಸುತ್ತೆ. ನಮ್ಮಜ್ಜಿ ಊರಿಗೆ ಹೋಗೋದು ಅದೇ ದಾರಿಯಲ್ಲಿ. ದೂರದ ದೇಶದ ಬಾಂಬಿನ ಸದ್ದನ್ನ ಆ ಹೊಲಗಳ ನಡುವೆ ಕೂತು ಕೇಳೋರಿದ್ದಾರೆ ಅಂತ ನಂಗೆ ಗೊತ್ತೇ ಇರಲಿಲ್ಲ.

1966ರಲ್ಲಿ ಸ್ವೀಡನ್ ಸರ್ಕಾರ ಸಿಪ್ರಿ ಶುರುಮಾಡಿತು. ಅದರ ಯೋಜನೆ ತಯಾರಿಸಿದ ಸಮಿತಿಗೂ, ಆಮೇಲೆ ಅದರ ಆಡಳಿತ ಮಂಡಳಿಗೂ ಮೊದಲ ಅಧ್ಯಕ್ಷೆ ಆಲ್ವಾ. ಯಾವ ದೇಶ ಎಷ್ಟು ಖರ್ಚು ಮಾಡ್ತು, ಯಾರು ಯಾರಿಗೆ ಶಸ್ತ್ರ ಮಾರಿದರು, ಎಲ್ಲ ಬಹಿರಂಗ ಮೂಲಗಳಿಂದಲೇ ಕಲೆಹಾಕಿ ಪ್ರಕಟಿಸೋದು. ಯಾರು ಬೇಕಾದ್ರೂ ಓದಬಹುದು, ಯಾರು ಬೇಕಾದ್ರೂ ಪ್ರಶ್ನೆ ಕೇಳಬಹುದು. 1967ರಿಂದ 1973ರವರೆಗೆ ಅವರು ನಿಶ್ಶಸ್ತ್ರೀಕರಣದ ಸಚಿವೆ. ಜಗತ್ತಿನ ಅಷ್ಟೊಂದು ವಿಜ್ಞಾನಿಗಳು, ಎಂಜಿನಿಯರ್‌ಗಳು ಶಸ್ತ್ರ ತಯಾರಿಕೆಯಲ್ಲೇ ಕಳೆದುಹೋಗ್ತಿದ್ದಾರೆ ಅನ್ನೋದು ಅವರ ದೊಡ್ಡ ದೂರು. 1976ರಲ್ಲಿ ಬರೆದ ಪುಸ್ತಕದಲ್ಲಿ ಎರಡೂ ಮಹಾಶಕ್ತಿಗಳು ಶಾಂತಿ ಮಾತುಕತೆ ಅನ್ನೋ ಆಟ ಆಡ್ತಾ ಶಸ್ತ್ರ ಪೇರಿಸ್ತಿವೆ ಅಂತ ನೇರವಾಗಿ ಹೇಳಿದರು. ಯಾರ ಪಕ್ಷವನ್ನೂ ವಹಿಸಲಿಲ್ಲ.

1981ರಲ್ಲಿ ಭಾರತ ಗಂಡ ಹೆಂಡತಿ ಇಬ್ಬರಿಗೂ ಸೇರಿ ನೆಹರು ಪ್ರಶಸ್ತಿ ಕೊಟ್ಟಿತು. 1982ರಲ್ಲಿ ಮೆಕ್ಸಿಕೋದ ಅಲ್ಫೋನ್ಸೊ ಗಾರ್ಸಿಯಾ ರೋಬ್ಲೆಸ್ ಜೊತೆ ಆಲ್ವಾಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಗುನ್ನಾರ್‌ಗೆ 1974ರಲ್ಲೇ ಅರ್ಥಶಾಸ್ತ್ರದ ನೊಬೆಲ್ ಬಂದಿತ್ತು. ಅದೇ 1982ರಲ್ಲಿ ಮಗ ಯಾನ್ ತನ್ನ ಬಾಲ್ಯದ ಬಗ್ಗೆ, ಅಪ್ಪ ಅಮ್ಮನನ್ನ ದೂರಿ, ಪುಸ್ತಕ ಬರೆದ. ಒಂದೇ ವರ್ಷದಲ್ಲಿ ದೊಡ್ಡ ಗೌರವ, ದೊಡ್ಡ ನೋವು. 1986ರ ಫೆಬ್ರವರಿ 1ರಂದು, 84 ತುಂಬಿದ ಮರುದಿನ, ಆಲ್ವಾ ತೀರಿಕೊಂಡರು.

ಗೆದ್ದರಾ ಅಂತ ಕೇಳಿದ್ರೆ, ಇಲ್ಲ. ಖರ್ಚು ಎಷ್ಟಿದೆ ಅಂತ ಮೊದಲ ಸಾಲಲ್ಲೇ ನೋಡಿದ್ರಿ. 1996ರಲ್ಲಿ ಎಲ್ಲ ಥರದ ಅಣುಪರೀಕ್ಷೆ ನಿಷೇಧಿಸುವ ಒಪ್ಪಂದ ತಯಾರಾದರೂ ಇನ್ನೂ ಜಾರಿಗೆ ಬಂದಿಲ್ಲ. ಭಾರತವೂ ಸಹಿ ಹಾಕಿಲ್ಲ. ಆದರೆ 2006ರಲ್ಲಿ ಉತ್ತರ ಕೊರಿಯಾ ನೆಲದಡಿ ಸಣ್ಣ ಬಾಂಬ್ ಸಿಡಿಸಿದಾಗ ಜಗತ್ತಿನ ಮಾಪಕಗಳು ಹಿಡಿದುಬಿಟ್ಟವು. ಕಂಡುಹಿಡಿಯೋಕಾಗಲ್ಲ ಅನ್ನೋ ನೆಪ ಈಗ ಹೆಚ್ಚುಕಮ್ಮಿ ಸತ್ತಿದೆ. ಉಳಿದಿರೋದು ಮನಸ್ಸಿಲ್ಲ ಅನ್ನೋದು ಮಾತ್ರ.

ನಮ್ಮಲ್ಲಿ ಕೆಲವರು ನಾಳೆ ರಕ್ಷಣಾ ಕಂಪನಿಗಳಿಗೇ ಸೇರ್ತೀವಿ. ನಮ್ಮ ಮಾವನೂ ಅಂಥ ಕಡೆಯೇ ಕೆಲಸ ಮಾಡೋದು, ನನ್ನ ಫೀಸಿನಲ್ಲಿ ಅವರ ದುಡ್ಡೂ ಇದೆ. ಅದು ತಪ್ಪು ಅಂತ ಹೇಳೋಕೆ ನಾನ್ಯಾರು? ಆದರೆ ಮಾಡಿದ್ದಕ್ಕೆ ಲೆಕ್ಕ ಇಡಬೇಕು, ಆ ಲೆಕ್ಕ ಎಲ್ಲರಿಗೂ ಕಾಣಬೇಕು ಅನ್ನೋದು ಎಂಜಿನಿಯರಿಂಗ್‌ನ ಮೊದಲ ಪಾಠ. ಅದನ್ನ ಜಗತ್ತಿನ ದೊಡ್ಡ ದೇಶಗಳಿಗೆ ಹೇಳಿಕೊಟ್ಟಿದ್ದು ಎಂಜಿನಿಯರಿಂಗ್ ಓದದ ಒಬ್ಬ ಹೆಂಗಸು. ಹಾಸ್ಟೆಲ್ ಗ್ರೂಪಲ್ಲಿ ಹಾಕಿದ ಆ ಜೋಕ್ ಇನ್ನೂ ಹಾಗೇ ಇದೆ. ಅದರ ಕೆಳಗೆ ಈ ಲೇಖನದ ಲಿಂಕ್ ಹಾಕ್ತೀನಿ.