ಸರ್ ಜಾನ್ ಬೆನೆಟ್ ಲಾಸ್ (1814–1900): ಮಣ್ಣಿನ ದೀರ್ಘಾವಧಿ ಪ್ರಯೋಗಗಳ ಪ್ರವರ್ತಕರು

ಸತತ ಉಳುಮೆ ಹಾಗೂ ಗೊಬ್ಬರದ ಬಳಕೆಯಿಂದ ಮಣ್ಣಿನ ಸಾವಯವ ಇಂಗಾಲ ಮತ್ತು ಸಾರಜನಕದಲ್ಲಿ ಆಗುವ ಬದಲಾವಣೆಗಳು ಒಂದೆರಡು ಹಂಗಾಮುಗಳಲ್ಲಿ ತಿಳಿದುಬರುವುದಿಲ್ಲ. ಇವುಗಳನ್ನು ಅರಿಯಲು ದಶಕಗಳ ದಾಖಲೆ ಅವಶ್ಯಕ. ಅಂತಹ ದಾಖಲೆಗೆ ಅಡಿಪಾಯ ಹಾಕಿದವರು ಇಂಗ್ಲೆಂಡಿನ ಸರ್ ಜಾನ್ ಬೆನೆಟ್ ಲಾಸ್.

ಇವರು 1814ರ ಡಿಸೆಂಬರ್ 28ರಂದು ಹರ್ಟ್‌ಫರ್ಡ್‌ಷೈರ್‌ನ ರಾಥಮ್‌ಸ್ಟೆಡ್‌ನಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. ಆಕ್ಸ್‌ಫರ್ಡ್‌ನಲ್ಲಿ ವ್ಯಾಸಂಗ ಮಾಡಿದರೂ ಪದವಿ ಪಡೆಯದೆ ಹಿಂದಿರುಗಿ, 1834ರಲ್ಲಿ ಪಿತ್ರಾರ್ಜಿತ ಜಮೀನಿನ ಆಡಳಿತ ವಹಿಸಿಕೊಂಡರು. ಗಂಧಕಾಮ್ಲದಿಂದ ಸೂಪರ್ ಫಾಸ್ಫೇಟ್ ತಯಾರಿಸುವ ವಿಧಾನಕ್ಕೆ 1842ರಲ್ಲಿ ಪೇಟೆಂಟ್ ಪಡೆದು, ಮರುವರ್ಷ ಕಾರ್ಖಾನೆ ಆರಂಭಿಸಿದರು. ಅದರಿಂದ ಬಂದ ಹಣವನ್ನು ಸಂಶೋಧನೆಗೆ ವಿನಿಯೋಗಿಸಿದರು.

1843ರಲ್ಲಿ ರಸಾಯನಶಾಸ್ತ್ರಜ್ಞ ಜೋಸೆಫ್ ಹೆನ್ರಿ ಗಿಲ್ಬರ್ಟ್ ಅವರು ಲಾಸ್ ಅವರೊಡನೆ ಸೇರಿದರು. ಈ ಸಹಯೋಗ 57 ವರ್ಷ ನಡೆಯಿತು. ಅದೇ ವರ್ಷ ಬ್ರಾಡ್‌ಬಾಕ್ ತಾಕಿನಲ್ಲಿ ಗೋಧಿ ಬಿತ್ತಲಾಯಿತು. ಒಂದು ಪಟ್ಟಿಗೆ ಪ್ರತಿ ವರ್ಷ ಹೆಕ್ಟೇರಿಗೆ 35 ಟನ್ ಪ್ರಮಾಣದಲ್ಲಿ ಕೊಟ್ಟಿಗೆ ಗೊಬ್ಬರ, ಕೆಲವಕ್ಕೆ ರಾಸಾಯನಿಕ ಗೊಬ್ಬರ ನೀಡಿ, ಒಂದನ್ನು ಗೊಬ್ಬರವಿಲ್ಲದೆ ಬಿಡಲಾಯಿತು.

ಖನಿಜಾಂಶ ಒದಗಿಸಿದರೆ ಸಾಕು, ಬೆಳೆಗೆ ಬೇಕಾದ ಸಾರಜನಕ ವಾಯುಮಂಡಲದಿಂದಲೇ ದೊರೆಯುತ್ತದೆ ಎಂಬುದು ಜರ್ಮನಿಯ ಹೆಸರಾಂತ ವಿಜ್ಞಾನಿ ಲೀಬಿಗ್ ಅವರ ವಾದವಾಗಿತ್ತು. ಗೋಧಿಗೆ ಸಾರಜನಕವನ್ನೂ ಒದಗಿಸಬೇಕೆಂಬುದನ್ನು ಬ್ರಾಡ್‌ಬಾಕ್‌ನ ಇಳುವರಿ ತೋರಿಸಿಕೊಟ್ಟಿತು. ಆದರೆ ದ್ವಿದಳ ಬೆಳೆಗಳ ವಿಷಯದಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಡವಿದರು. 1850ರ ದಶಕದ ಅವರ ಪ್ರಯೋಗದಲ್ಲಿ ಮಣ್ಣನ್ನು ಕಾಯಿಸಿದ್ದರಿಂದ ಬೇರುಗಂಟಿನ ಸೂಕ್ಷ್ಮಾಣುಗಳು ನಾಶವಾಗಿ, ಸಾರಜನಕ ಸ್ಥಿರೀಕರಣ ಗೋಚರಿಸಲಿಲ್ಲ. 1886ರಲ್ಲಿ ಜರ್ಮನಿಯ ಹೆಲ್‌ರೀಗೆಲ್ ಈ ಸತ್ಯವನ್ನು ಪ್ರಕಟಿಸಿದಾಗ, ಇಬ್ಬರೂ ಮತ್ತೆ ಪ್ರಯೋಗ ನಡೆಸಿ ಅದನ್ನು ದೃಢಪಡಿಸಿದರು.

1852ರಲ್ಲಿ ಆರಂಭವಾದ ಹೂಸ್‌ಫೀಲ್ಡ್ ಬಾರ್ಲಿ ಪ್ರಯೋಗದ ಒಂದು ತಾಕಿಗೆ 20 ವರ್ಷ ಕೊಟ್ಟಿಗೆ ಗೊಬ್ಬರ ನೀಡಿ, 1871ರ ನಂತರ ನಿಲ್ಲಿಸಲಾಯಿತು. ಶತಮಾನ ಕಳೆದರೂ ಅಲ್ಲಿನ ಸಾವಯವ ಅಂಶ ಗೊಬ್ಬರ ಕಾಣದ ತಾಕಿಗಿಂತ ಅಧಿಕವಾಗಿಯೇ ಇತ್ತು. 1882ರಲ್ಲಿ ಬ್ರಾಡ್‌ಬಾಕ್‌ನ ಅಂಚಿನ ಗೋಧಿಯನ್ನು ಕೊಯ್ಯದೆ, ಆ ನೆಲವನ್ನು ಉಳುಮೆಯಿಲ್ಲದೆ ಬಿಡಲಾಯಿತು. ಕಾಲಕ್ರಮೇಣ ಅದು ಕಾಡಾಗಿ, ಮಣ್ಣಿನ ಇಂಗಾಲ ಎರಡು ಪಟ್ಟಿಗೂ ಮೀರಿ ಹೆಚ್ಚಿತು. ಪ್ರತಿ ವರ್ಷ ಕೊಟ್ಟಿಗೆ ಗೊಬ್ಬರ ಪಡೆದ ಪಟ್ಟಿಯಲ್ಲಿಯೂ ಇಂಗಾಲವು ಗೊಬ್ಬರವಿಲ್ಲದ ಪಟ್ಟಿಯ ಎರಡು ಪಟ್ಟಿಗೂ ಅಧಿಕವಾಯಿತು. ಆದರೆ ಅದರ ಸಾರಜನಕವೆಲ್ಲವೂ ಬೆಳೆಗೆ ದಕ್ಕುವುದಿಲ್ಲ. ಒಂದು ಭಾಗ ಮಣ್ಣಿನಲ್ಲಿ ಉಳಿದರೆ, ಇನ್ನೊಂದು ಭಾಗ ನೈಟ್ರೇಟ್ ರೂಪದಲ್ಲಿ ನೀರಿನೊಡನೆ ಬಸಿದುಹೋಗುತ್ತದೆ.

ತಮ್ಮ ನಂತರ ಪ್ರಯೋಗಗಳು ನಿಲ್ಲಬಾರದೆಂದು ಲಾಸ್ ಅವರು 1889ರಲ್ಲಿ ಒಂದು ಲಕ್ಷ ಪೌಂಡ್‌ಗಳ ದತ್ತಿಯೊಂದಿಗೆ ಟ್ರಸ್ಟ್ ಸ್ಥಾಪಿಸಿದರು. 1900ರ ಆಗಸ್ಟ್ 31ರಂದು ನಿಧನರಾದರು. ಬ್ರಾಡ್‌ಬಾಕ್ ಪ್ರಯೋಗ ಇಂದಿಗೂ ಮುಂದುವರಿದಿದೆ. ಭಾರತದಲ್ಲಿಯೂ 1970ರಲ್ಲಿ ದೀರ್ಘಾವಧಿ ಗೊಬ್ಬರ ಪ್ರಯೋಗಗಳ ಅಖಿಲ ಭಾರತ ಯೋಜನೆ ಆರಂಭವಾಯಿತು. ಬೆಂಗಳೂರು ಅದರ ಕೇಂದ್ರಗಳಲ್ಲೊಂದು.

ಮಣ್ಣು ಆರೋಗ್ಯ ಚೀಟಿಯಲ್ಲಿ ನಮೂದಾಗುವ ಸಾವಯವ ಇಂಗಾಲದ ಪ್ರಮಾಣವು ಒಂದು ವರ್ಷದ ಫಲವಲ್ಲ, ಹಲವು ವರ್ಷಗಳ ಬೇಸಾಯದ ಫಲ. ಆದುದರಿಂದ ರೈತ ಬಾಂಧವರು ಹಿಂದಿನ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಂಡು, ಹೊಸ ಫಲಿತಾಂಶದೊಡನೆ ಹೋಲಿಸಿ ನೋಡುವುದು ಉಪಯುಕ್ತ.